ಪ್ರಾಂಪ್ಟಿನ ಅರ್ಧ ಭಾಗವನ್ನು ಯಂತ್ರ ಓದುತ್ತಲೇ ಇಲ್ಲ, ಶನಿವಾರ ಮುದ್ರಣ, ದಯವಿಟ್ಟು ನೋಡಿ

ಚೌಕಿಮನೆ, ಡೊಂಬಿವಲಿ | ಗುರುವಾರ ರಾತ್ರಿ 10.50

ತಲೆ ಕೆಟ್ಟುಹೋಗಿದೆ. ನಮ್ಮ ಮಂಡಳಿಯ ಯಕ್ಷಗಾನದ ಆಮಂತ್ರಣ ಪತ್ರಿಕೆಗೆ ಒಂದು ಚಿತ್ರ ಬೇಕು, ವರ್ಣನೆ (ಪ್ರಾಂಪ್ಟ್) ಬರೆದುಕೊಟ್ಟು ಯಂತ್ರದಿಂದಲೇ ಬಿಡಿಸುತ್ತಿದ್ದೇನೆ. ನಾಲ್ಕು ರಾತ್ರಿಗಳಿಂದ ಕುಳಿತಿದ್ದೇನೆ. ವೇಷ ಬರುತ್ತದೆ, ಕಿರೀಟ ಎಂಬ ಹೆಸರಿನಲ್ಲಿ ಏನೋ ಒಂದು ಬರುತ್ತದೆ, ಅಲ್ಲಿಗೆ ಮುಗಿಯಿತು. ಹಿಂದೆ ರಂಗಸ್ಥಳ, ಎರಡು ಕಾಲುದೀಪ, ಬದಿಯಲ್ಲಿ ಚೆಂಡೆ ಎಂದು ಬಿಡಿಸಿ ಬರೆದಿದ್ದೇನೆ, ಒಂದೂ ಇಲ್ಲ. ಕಾಲುದೀಪಕ್ಕೆ ಹೆಚ್ಚು ಒತ್ತು ಸಿಗಲೆಂದು ಅದನ್ನು ಆವರಣದೊಳಗೆ ಹಾಕಿ 1.4 ಕೊಟ್ಟೆ, 1.8 ಕೊಟ್ಟೆ. ಕಲ್ಲಿನ ಮೇಲೆ ನೀರು ಸುರಿದಂತೆ. ಮೀಸೆ ಬೇಡ ಎಂದು ಬರೆದರೆ ಹುರಿಮೀಸೆ ಬರುತ್ತದೆ. ಅಭಿಮನ್ಯುವಿಗೆ ಹುರಿಮೀಸೆ! ಪ್ರಾಂಪ್ಟ್ ಬರೆಯಲು ಒಳ್ಳೆಯ ತಂತ್ರಾಂಶ ಯಾವುದಾದರೂ ಇದ್ದರೆ ಹೇಳಿ, ಈಗಿರುವುದು ಪ್ರಯೋಜನಕ್ಕಿಲ್ಲ. ಚಿತ್ರ ಬಿಡಿಸುವ ಎಐ ಮಾದರಿ ಸ್ಟೇಬಲ್ ಡಿಫ್ಯೂಷನ್ 1.5.

ಲ್ಯಾಮಿಂಗ್ಟನ್ ಗಿರಾಕಿ | 11.05

ಗ್ರಾಫಿಕ್ಸ್ ಕಾರ್ಡ್ ಯಾವುದು?

ಚೌಕಿಮನೆ | 11.07

3050. 8 ಜಿಬಿ.

ಲ್ಯಾಮಿಂಗ್ಟನ್ ಗಿರಾಕಿ | 11.12

ಸಿಕ್ಕಿತು ನೋಡಿ. ಕಾರ್ಡಿನದೇ ತಕರಾರು. ನನ್ನ ಬಳಿ ಮೊದಲು 1650 ಇತ್ತು, ಏನು ಬರೆದರೂ ಕಪ್ಪು ಚಿತ್ರ. ಎರಡು ವಾರ ಪ್ರಾಂಪ್ಟ್ ತಿದ್ದಿದೆ, ಕೊನೆಗೆ ನೋಡಿದರೆ ಆ ಸರಣಿಯ ಕಾರ್ಡುಗಳಿಗೆ ಹಾಫ್ ಪ್ರಿಸಿಷನ್ (16 ಬಿಟ್ ಲೆಕ್ಕ) ಆಗಿಬರುವುದಿಲ್ಲ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ 3060 ಹಿಡಿದೆ, 12 ಜಿಬಿ. ಅಂದಿನಿಂದ ನೆಮ್ಮದಿ. ನೀವೂ ಅದನ್ನೇ ಮಾಡಿ.

ಟೋಕನ್ ಲೆಕ್ಕಿಗ, ಪುಣೆ | 11.30

ಮೆಮೊರಿ ಸಾಲದಿದ್ದರೆ ಯಂತ್ರ ದೋಷ ತೋರಿಸಿ ನಿಲ್ಲುತ್ತದೆ. ದೀಪ ಮರೆತು ಚಿತ್ರ ಮುಗಿಸುವುದಿಲ್ಲ. ಕಾರ್ಡನ್ನು ಬಿಡಿ.

ಚೌಕಿಮನೆಯವರೇ, ಮಾದರಿ ಓಡಿಸಲು ಆಟೋಮ್ಯಾಟಿಕ್1111 ತಂತ್ರಾಂಶ ತಾನೇ ಬಳಸುತ್ತಿರುವುದು? ಸಿಎಫ್‌ಜಿ ಎಷ್ಟು? 3ಕ್ಕಿಂತ ಕೆಳಗಿದ್ದರೆ ಪ್ರಾಂಪ್ಟಿನ ಹಿಡಿತ ಸಡಿಲವಾಗುತ್ತದೆ, 7ರ ಸುತ್ತ ಇಡಿ. ಒಂದು ಚಿತ್ರ ಕಳಿಸಿ. ಪಿಎನ್‌ಜಿ ಕಡತದೊಳಗೆ ಪ್ರಾಂಪ್ಟ್, ಸೀಡ್, ಹಂತಗಳು ಎಲ್ಲ ಬರೆದಿರುತ್ತವೆ, ಅದನ್ನು ನೋಡಿಯೇ ಹೇಳುತ್ತೇನೆ.

ಚೌಕಿಮನೆ | 11.41

ನಿಮ್ಮ ಸಂಖ್ಯೆಗೆ ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಸಿಎಫ್‌ಜಿ ಎಂಬುದು ನನಗೆ ಎಲ್ಲಿಯೂ ಕಾಣುತ್ತಿಲ್ಲ.

ಟೋಕನ್ ಲೆಕ್ಕಿಗ | 11.44

ವಾಟ್ಸಾಪ್ ಚಿತ್ರವನ್ನು ಹಿಂಡಿ, ಒಳಗಿನ ಬರಹವನ್ನೆಲ್ಲ ಒರೆಸಿಯೇ ಕಳಿಸುತ್ತದೆ. ಡ್ರೈವ್‌ನಲ್ಲಿ ಹಾಕಿ ಕೊಂಡಿ ಕೊಡಿ.

ಮಡಗಾಂವ್ ಮಾಟೋಳಿ | ಶುಕ್ರವಾರ ಬೆಳಿಗ್ಗೆ 7.20

1.5 ಹಿಡಿದುಕೊಂಡು ಇನ್ನೂ ಏಕೆ ಒದ್ದಾಡುತ್ತೀರಿ ಮಾರಾಯರೇ? ಅದು 2022ರದು. 2024ರಲ್ಲಿ ಬಂದ ಫ್ಲಕ್ಸ್ ಹಾಕಿಕೊಳ್ಳಿ. ಅದರಲ್ಲಿ ಟಿ5 ಎಂಬ ಭಾಷಾ ಮಾದರಿ ಇದೆ, ಅಲ್ಪವಿರಾಮ ಪೋಣಿಸುವ ಕಷ್ಟವಿಲ್ಲ, ಪತ್ರ ಬರೆದಂತೆ ವಾಕ್ಯ ಬರೆದರೆ ಸಾಕು. ನನ್ನದು 4090, 24 ಜಿಬಿ, ಓಡಿಸುವ ತಂತ್ರಾಂಶ ಕಂಫಿಯುಐ. ಹೋದ ಚೌತಿಗೆ ಮಾಟೋಳಿಯ ಚಿತ್ರ ಮಾಡಿದೆ. ಗಣಪತಿಯ ಮೇಲೆ ತೂಗುವ ಅಡಿಕೆ ಗೊನೆ, ಮಾವಿನ ಎಲೆ, ಕಾಡುಹಣ್ಣು, ಎಲ್ಲ ಬಂತು.

ಲ್ಯಾಮಿಂಗ್ಟನ್ ಗಿರಾಕಿ | 7.48

ಬಂತೇ? ಆ ಚಿತ್ರವನ್ನು ನಾನೂ ನೋಡಿದ್ದೇನೆ. ಮಾಟೋಳಿಯ ನಡುವೆ ಗಾಜಿನ ತೂಗುದೀಪ ನೇತಾಡುತ್ತಿತ್ತು.

ಮಡಗಾಂವ್ ಮಾಟೋಳಿ | 7.55

ಒಂದೇ ಚಿತ್ರದಲ್ಲಿ.

ಟೋಕನ್ ಲೆಕ್ಕಿಗ | 8.10

ಫ್ಲಕ್ಸ್‌ಗೆ 1,200 ಕೋಟಿ ನಿಯತಾಂಕಗಳು. 1.5ರಲ್ಲಿ ಚಿತ್ರ ಬಿಡಿಸುವ ಭಾಗಕ್ಕೆ ಸುಮಾರು 86 ಕೋಟಿ. ಇವರ 8 ಜಿಬಿಯಲ್ಲಿ ಫ್ಲಕ್ಸ್ ಓಡಬೇಕಾದರೆ ಕುಗ್ಗಿಸಿದ ಕಡತ ಬೇಕು, ಇಳಿಸಿಕೊಳ್ಳುವಷ್ಟರಲ್ಲಿ ಶನಿವಾರ ಕಳೆದಿರುತ್ತದೆ. ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಸಿಗಲಿ.

ಕೊಂಡಿಯ ಕಡತ ತೆರೆದೆ. ವಿಚಿತ್ರ. ಇದು ಮೂಲ ಪಿಎನ್‌ಜಿಯೇ, ಆದರೆ ಒಳಗೆ ಒಂದಕ್ಷರವೂ ಇಲ್ಲ. ಇದನ್ನು ಹೊರಗೆ ಎಲ್ಲಿಯಾದರೂ ತಿದ್ದಿದಿರಾ?

ಚೌಕಿಮನೆ | 8.32 (ರೈಲಿನಿಂದ)

ಏನೂ ತಿದ್ದಿಲ್ಲ. ಬಂದದ್ದನ್ನು ಬಂದ ಹಾಗೆ ಹಾಕಿದ್ದೇನೆ.

ಮೃದಂಗವಲ್ಲ ಮದ್ದಳೆ, ಠಾಣೆ | 9.15

ಚಿತ್ರ ನೋಡಿದೆ. ತಂತ್ರಜ್ಞಾನ ನನಗೆ ತಿಳಿಯದು, ಆದರೆ ಇದು ಕಥಕ್ಕಳಿ. ಯಕ್ಷಗಾನ ಅಲ್ಲವೇ ಅಲ್ಲ. ಆಮಂತ್ರಣದಲ್ಲಿ ಇದನ್ನು ಹಾಕಿದರೆ ಜನ ಗೇಟಿನಲ್ಲೇ ನಗುತ್ತಾರೆ.

ಲ್ಯಾಮಿಂಗ್ಟನ್ ಗಿರಾಕಿ | 9.22

ಯಕ್ಷಗಾನದ ತೆಂಕು ಶೈಲಿಯ ವೇಷ ಹಾಗೆಯೇ ಕಾಣುತ್ತದೆ, ಬಿಡಿ.

ಮೃದಂಗವಲ್ಲ ಮದ್ದಳೆ | 9.26

ತೆಂಕುತಿಟ್ಟಿನ ಕಿರೀಟವನ್ನು ಕಥಕ್ಕಳಿ ಎಂದು ಕರೆದದ್ದನ್ನು ನಮ್ಮ ಮೇಳದವರು ಓದಿದರೆ ನಿಮಗೆ ಠಾಣೆಯಲ್ಲಿ ಇಳಿಯಲು ಆಗುವುದಿಲ್ಲ. ಅದಿರಲಿ, ಇವರು ಕೇಳಿರುವುದು ಬಡಗು ಶೈಲಿಯ ಕೇದಗೆ ಮುಂದಲೆ ಎಂಬ ಶಿರೋಭೂಷಣವನ್ನು. ‘ಗೋಲ್ಡನ್ ಕ್ರೌನ್’ ಎಂದು ಬರೆದರೆ ಅದು ಎಲ್ಲಿಂದ ಬರಬೇಕು?

(ಇಲ್ಲಿಂದ ಮುಂದೆ ಹನ್ನೊಂದು ಉತ್ತರಗಳು ತೆಂಕು-ಬಡಗಿನ ಜಗಳ. ಬೇರೆ ಎಳೆಗೆ ಸಾಗಿಸಿದ್ದೇನೆ. ಅಲ್ಲಿ ಹೋಗಿ ಹೊಡೆದಾಡಿ. – ನಿರ್ವಾಹಕ)

ಟೋಕನ್ ಲೆಕ್ಕಿಗ | ಮಧ್ಯಾಹ್ನ 1.40

ಊಟದ ಹೊತ್ತಿನಲ್ಲಿ ಹೊಳೆಯಿತು. ಆಟೋಮ್ಯಾಟಿಕ್1111 ಆಗಲಿ ಕಂಫಿಯುಐ ಆಗಲಿ, ಬೇಡವೆನ್ನದ ಹೊರತು ಕಡತದೊಳಗೆ ಪ್ರಾಂಪ್ಟ್ ಬರೆದೇ ಬರೆಯುತ್ತವೆ. ನಿಮ್ಮದರಲ್ಲಿ ಇಲ್ಲ. ಸಿಎಫ್‌ಜಿ ಕಾಣುತ್ತಿಲ್ಲ ಎಂದಿರಿ. ಹಾಗಾದರೆ ನೀವು ಬಳಸುತ್ತಿರುವುದು ಇವೆರಡೂ ಅಲ್ಲ. ಏನದು? ಪೂರ್ತಿ ಪ್ರಾಂಪ್ಟನ್ನೂ ಇಲ್ಲಿ ಹಾಕಿ.

ಚೌಕಿಮನೆ | ಸಂಜೆ 6.55

ಅದನ್ನು ಹೇಳಲಿಲ್ಲವೇ? ನನ್ನ ಅಕ್ಕನ ಮಗ ಪೈಥಾನ್‌ನಲ್ಲಿ ಬರೆದುಕೊಟ್ಟದ್ದು. ಎಕ್ಸೆಲ್ ಹಾಳೆಯಲ್ಲಿ ವೇಷ, ಶಿರೋಭೂಷಣ, ಮುಖವರ್ಣಿಕೆ, ಹಿನ್ನೆಲೆ ಎಂದು ಕಂಬಸಾಲುಗಳಿವೆ. ತುಂಬಿ ಗುಂಡಿ ಒತ್ತಿದರೆ ಎಲ್ಲವನ್ನೂ ಸೇರಿಸಿ ಪ್ರಾಂಪ್ಟ್ ಕಟ್ಟಿ ಚಿತ್ರ ಕೊಡುತ್ತದೆ. ಹಿಂದೆ ಒಂದು ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ, ಅದನ್ನು ಮುಚ್ಚಬಾರದು ಎಂದಿದ್ದಾನೆ, ಆದ್ದರಿಂದ ಕೆಳಗೆ ಇಳಿಸಿಡುತ್ತೇನೆ. ಡಿಫ್ಯೂಸರ್ಸ್ ಎಂಬ ಲೈಬ್ರರಿ ಬಳಸಿದ್ದೇನೆ ಎಂದೇನೋ ಹೇಳಿದ ನೆನಪು.

ಅದು ಕಟ್ಟಿದ ಪ್ರಾಂಪ್ಟ್ ಹೀಗಿದೆ (ಇಂಗ್ಲಿಷ್ ಭಾಗವನ್ನು ಕನ್ನಡ ಲಿಪಿಯಲ್ಲಿ ಹಾಕಿದ್ದೇನೆ, ತಲೆಬರಹಗಳು ಅಲ್ಲಿಯೂ ಕನ್ನಡದಲ್ಲೇ ಇವೆ): ಮೊದಲ ಸಾಲಿನಲ್ಲಿ ‘ಮಾಸ್ಟರ್‌ಪೀಸ್, ಬೆಸ್ಟ್ ಕ್ವಾಲಿಟಿ, 8ಕೆ’ ಎಂಬಂಥ ಹದಿನೈದು ಶಬ್ದಗಳು, ಅದು ತಾನಾಗಿಯೇ ಸೇರಿಸುತ್ತದೆ. ಆಮೇಲೆ ‘ವೇಷ:’ ಎಂದು ಎರಡು ಸಾಲು. ‘ಶಿರೋಭೂಷಣ:’ ಎಂದು ಒಂದು ಸಾಲು, ಅದರಲ್ಲಿ ‘(ಗೋಲ್ಡನ್ ಕ್ರೌನ್:1.4)’. ‘ಮುಖವರ್ಣಿಕೆ:’ ಒಂದು ಸಾಲು, ಅದರ ಕೊನೆಯಲ್ಲಿ ‘ನೋ ಮುಸ್ಟಾಶ್’. ಕೊನೆಗೆ ‘ಹಿನ್ನೆಲೆ:’ ರಂಗಸ್ಥಳ, ದೀಪ, ಚೆಂಡೆ.

ಟೋಕನ್ ಲೆಕ್ಕಿಗ | 7.20

ಇದನ್ನು ನಿನ್ನೆಯೇ ಹೇಳಿದ್ದರೆ ನಾವೆಲ್ಲ ಮಲಗಿರುತ್ತಿದ್ದೆವು.

1.5 ಮಾದರಿ ಪಠ್ಯ ಓದುವುದು ಕ್ಲಿಪ್ ಎಂಬುದರ ಮೂಲಕ. ಅದರ ಬಾಯಿಗೆ ಒಂದು ತುತ್ತಿಗೆ 77 ಟೋಕನ್ (ಪದ ಅಥವಾ ಪದದ ಚೂರು), ಆರಂಭ ಮತ್ತು ಕೊನೆಯ ಗುರುತು ಕಳೆದರೆ ನಮಗೆ 75. ಆಟೋಮ್ಯಾಟಿಕ್1111 ಹೆಚ್ಚಾದದ್ದನ್ನು 75ರ ಇನ್ನೊಂದು ಕಂತಾಗಿ ಮಾಡಿ ಉಣಿಸುತ್ತದೆ. ಬರಿಯ ಡಿಫ್ಯೂಸರ್ಸ್ ಹಾಗೆ ಮಾಡುವುದಿಲ್ಲ. ಉಳಿದದ್ದನ್ನು ಕತ್ತರಿಸಿ ಎಸೆಯುತ್ತದೆ. ನಿಮ್ಮ ರಂಗಸ್ಥಳ, ದೀಪ, ಚೆಂಡೆ ಎಲ್ಲ ಕಸದ ಬುಟ್ಟಿಯಲ್ಲಿವೆ. ಯಾವ ಭಾಗವನ್ನು ಕತ್ತರಿಸಿದೆ ಎಂದು ಪ್ರತಿ ಸಲವೂ ಆ ಕಪ್ಪು ಕಿಟಕಿಯಲ್ಲಿ ಬರೆದೂ ಇರುತ್ತದೆ. ನೀವು ಅದನ್ನು ಕೆಳಗೆ ಇಳಿಸಿದ್ದೀರಿ.

ಕನ್ನಡದ ತಲೆಬರಹಗಳು ಗಾಯದ ಮೇಲೆ ಬರೆ. ಕ್ಲಿಪ್ ಕಲಿತದ್ದು ಮುಖ್ಯವಾಗಿ ಇಂಗ್ಲಿಷನ್ನು. ‘ಬ್ಯಾಕ್‌ಗ್ರೌಂಡ್’ ಅದಕ್ಕೆ ಒಂದೇ ಟೋಕನ್. ‘ಹಿನ್ನೆಲೆ’ಯನ್ನು ಚೂರುಚೂರು ಮಾಡಿ ನುಂಗುತ್ತದೆ, ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಅದರಲ್ಲಿರುವ ಎಂಟು ಚಿಹ್ನೆಗಳಿಗೆ ತಲಾ ಮೂರರಂತೆ 24 ಬೈಟುಗಳು. ‘ಮುಖವರ್ಣಿಕೆ’ಗೆ ಇನ್ನೂ ಹೆಚ್ಚು. ಅರ್ಥ ಮಾತ್ರ ಸೊನ್ನೆ. ನಾಲ್ಕು ತಲೆಬರಹಗಳೇ ನಿಮ್ಮ ದೀಪದ ಜಾಗವನ್ನು ತಿಂದಿವೆ. ‘ಮಾಸ್ಟರ್‌ಪೀಸ್’ ಬಳಗ ಮುಂದಿನ ಸಾಲಿನಲ್ಲಿ ಕುಳಿತು ಇನ್ನಷ್ಟು ತಿಂದಿದೆ.

ಆವರಣದ 1.4 ಕೂಡ ಇಲ್ಲಿ ನಡೆಯದು. ಅದು ಆಟೋಮ್ಯಾಟಿಕ್1111 ಮತ್ತು ಕಂಫಿಯುಐಯ ಬರವಣಿಗೆ. ಡಿಫ್ಯೂಸರ್ಸ್‌ಗೆ ಅದು ಬರಿಯ ಆವರಣ, ಬರಿಯ ಅಂಕಿ. ಅವಕ್ಕೂ ಟೋಕನ್ ಖರ್ಚು. ತೂಕ ಬೇಕಿದ್ದರೆ ಕಂಪೆಲ್ ಎಂಬ ಸಲಕರಣೆ ಜೋಡಿಸಬೇಕು, ಅಲ್ಲಿ ವಿವರಣ ಚಿಹ್ನೆ (:) ಇಲ್ಲದೆ ಆವರಣದ ಹೊರಗೆ ಅಂಕಿ ಬರೆಯುತ್ತಾರೆ. ‘ನೋ ಮುಸ್ಟಾಶ್’ ಎಂದರೆ ಕ್ಲಿಪ್‌ಗೆ ‘ನೋ’ ಕೇಳಿಸುವುದಿಲ್ಲ, ಮೀಸೆ ಕೇಳಿಸುತ್ತದೆ. ಅದನ್ನು ಬೇಡದ್ದನ್ನು ಬರೆಯುವ ನೆಗೆಟಿವ್ ಪ್ರಾಂಪ್ಟಿಗೆ ಹಾಕಬೇಕು. ನಿಮ್ಮ ಹಾಳೆಯಲ್ಲಿ ಅದಕ್ಕೆ ಕಂಬಸಾಲೇ ಇಲ್ಲ.

ಇವತ್ತಿಗೆ ಇಷ್ಟು ಮಾಡಿ: ತಲೆಬರಹ ತೆಗೆಯಿರಿ, ಮಾಸ್ಟರ್‌ಪೀಸ್ ಸಾಲು ತೆಗೆಯಿರಿ, ರಂಗಸ್ಥಳ ಮತ್ತು ದೀಪವನ್ನು ಮೊದಲಿಗೆ ತನ್ನಿ, ವೇಷದ ವರ್ಣನೆಯನ್ನು ಅರ್ಧಕ್ಕೆ ಇಳಿಸಿ. ಕಪ್ಪು ಕಿಟಕಿ ಮೌನವಾಗುವವರೆಗೆ ಕತ್ತರಿಸುತ್ತಾ ಹೋಗಿ.

ಲ್ಯಾಮಿಂಗ್ಟನ್ ಗಿರಾಕಿ | 7.31

ಆದರೂ 12 ಜಿಬಿ ಇದ್ದಿದ್ದರೆ ಒಳ್ಳೆಯದಿತ್ತು.

ಚೌಕಿಮನೆ | ರಾತ್ರಿ 11.58

ಕಪ್ಪು ಕಿಟಕಿ ನೋಡಿದೆ. ನೀವು ಹೇಳಿದ್ದೇ ಅಕ್ಷರಶಃ ಬರೆದಿದೆ, ನಾಲ್ಕು ರಾತ್ರಿಗಳಿಂದ ಬರೆಯುತ್ತಲೇ ಇದೆ. ಅಕ್ಕನ ಮಗನಿಗೆ ಕರೆ ಮಾಡಿದೆ. ‘ಮಾಮ, ಅದರಲ್ಲಿ ಬರುತ್ತದಲ್ಲ, ನೋಡಲಿಲ್ಲವೇ?’ ಎಂದ. ನೆಗೆಟಿವ್‌ಗೆ ಒಂದು ಕಂಬಸಾಲು ಸೇರಿಸಿಕೊಟ್ಟ.

ದೀಪ ಬಂತು! ಎರಡು ಕೇಳಿದ್ದಕ್ಕೆ ಐದು ಬಂದಿವೆ, ಇರಲಿ. ಮೀಸೆ ಹೋಯಿತು. ಚೆಂಡೆ ಎಂದದ್ದಕ್ಕೆ ತಬಲಾ ಕೊಟ್ಟಿದೆ. ತಲೆಯ ಮೇಲಿನದು ಮಾತ್ರ ಇನ್ನೂ ಕಥಕ್ಕಳಿಯೇ.

ಟೋಕನ್ ಲೆಕ್ಕಿಗ | ಶನಿವಾರ 12.15

ಅದು ಪ್ರಾಂಪ್ಟಿನಿಂದ ಸರಿಯಾಗುವುದಿಲ್ಲ. ಕೇದಗೆ ಮುಂದಲೆಯನ್ನು ಆ ಮಾದರಿ ಸರಿಯಾಗಿ ಕಲಿತೇ ಇಲ್ಲ, ಹತ್ತಿರದ್ದನ್ನು ಹಿಡಿದು ತರುತ್ತದೆ. ನಿಮ್ಮ ಮಂಡಳಿಯ ಇಪ್ಪತ್ತು-ಮೂವತ್ತು ಒಳ್ಳೆಯ ಫೋಟೋಗಳಿದ್ದರೆ ಲೋರಾ ಎಂಬ ಚಿಕ್ಕ ಪೂರಕ ಕಡತಕ್ಕೆ ತರಬೇತಿ ಕೊಡಬಹುದು, ಆದರೆ ಬೆಳಗಾಗುವುದರೊಳಗೆ ಬೇಡ.

ಚೌಕಿಮನೆ | ಬೆಳಿಗ್ಗೆ 9.40

ಹಿನ್ನೆಲೆಯನ್ನು ಮಾತ್ರ ಯಂತ್ರದ್ದು ಇಟ್ಟುಕೊಂಡೆ. ಮುಂದೆ ನಮ್ಮದೇ ಹುಡುಗನ ಹೋದ ವರ್ಷದ ಫೋಟೋವನ್ನು, ಅವನನ್ನೂ ತೆಗೆದವರನ್ನೂ ಕೇಳಿ, ಕತ್ತರಿಸಿ ಅಂಟಿಸಿದೆ. ಮುದ್ರಣಕ್ಕೆ ಹೋಯಿತು.

ಮೃದಂಗವಲ್ಲ ಮದ್ದಳೆ | 10.05

ಬಡಗಿನ ಹುಡುಗನ ಹಿಂದೆ ತಬಲಾ ಹಾಗೆಯೇ ಇದೆಯೇ?

ಚೌಕಿಮನೆ | 10.07

ಅಯ್ಯೋ.

ಮಡಗಾಂವ್ ಮಾಟೋಳಿ | 10.30

ಗಿರಾಕಿಯವರೇ, ನಿಮ್ಮ ಹಳೆಯ 1650 ಇನ್ನೂ ಇದೆಯೇ? ತಮ್ಮನಿಗೆ ಬೇಕು. ಕೊಡುವುದಾದರೆ ಎಷ್ಟು ಎಂದು ಹೇಳಿ.