ನಾಲ್ಕು ಪಂಚಾಯತ್ ಸೇರಿ ಹಸಿ ಕಸದ ಘಟಕ: ಮಾಡಿದವರು ಅನುಭವ ಹೇಳಿ

ಬ್ರಹ್ಮಾವರ ಕಡೆಯ ಪಂಚಾಯತ್ ಸದಸ್ಯೆ: ಒಣ ಕಸಕ್ಕೆ ದಾರಿ ಆಗಿದೆ, ಊಟದ ಕಸಕ್ಕೆ ಇಲ್ಲ. ನಮ್ಮಲ್ಲಿ ಎರಡು ಮದುವೆ ಹಾಲ್, ಏಳು ಹೋಟೆಲ್, ದೇವಸ್ಥಾನದ ಅನ್ನಸಂತರ್ಪಣೆ ಬೇರೆ. ಪಕ್ಕದ ಮೂರು ಪಂಚಾಯತ್‌ನವರು ಒಟ್ಟಿಗೆ ಮಾಡುವ ಅನ್ನುತ್ತಿದ್ದಾರೆ. ಜಾಗ ನಮ್ಮದು. ಕಾಂಪೋಸ್ಟಾ, ಗ್ಯಾಸ್ ಪ್ಲಾಂಟಾ?

ಕುಂದಾಪುರ ಕಡೆಯ ಮಾಜಿ ಸದಸ್ಯ: ನಮ್ಮಲ್ಲೂ ಜಾಗ ನಮ್ಮದೇ ಆಗಿತ್ತು. ಮೂರು ಪಂಚಾಯತ್ ಸೇರಿ ಏಪ್ರಿಲ್‌ನಲ್ಲಿ ಕಾಂಪೋಸ್ಟ್ ಶೆಡ್ ಶುರು ಮಾಡಿದೆವು. ಮೇಯಲ್ಲಿ ಮದುವೆ ಸೀಸನ್. ಒಂದೇ ಭಾನುವಾರ 640 ಕಿಲೋ ಬಂತು, ಅರ್ಧ ಬರೀ ಸಾರು, ಪಾಯಸ. ಜೂನ್‌ನಲ್ಲಿ ಮಳೆ ಹಿಡಿಯಿತು. ಮೇಲೆ ಶೀಟ್ ಇತ್ತು, ಬದಿಗೆ ಗೋಡೆ ಇರಲಿಲ್ಲ. ಇರಚಲು ಹೊಡೆದು ರಾಶಿ ಬಿಸಿಯೇ ಏರಲಿಲ್ಲ. ಕೊಳೆತು ನೀರು ಬಿಟ್ಟಿತು. ಬದಿಗೆ ಟಾರ್ಪಾಲು 11,400. ಕೊಳೆ ನೀರಿಗೆ ಗುಂಡಿ 38,000. ಮರದ ಹೊಟ್ಟು 60 ಚೀಲ, ಚೀಲಕ್ಕೆ 90. ಎಲ್ಲ ಕಟ್ಟಿದ್ದು ನಮ್ಮ ಪಂಚಾಯತ್. ಉಳಿದ ಇಬ್ಬರಿಂದ ಏಳು ತಿಂಗಳಾದರೂ ಒಂದು ರೂಪಾಯಿ ಬರಲಿಲ್ಲ. ಪಕ್ಕದ ಬಾವಿ ಹಾಳಾಯಿತು. ಆ ಮನೆಯ ಅಕ್ಕ ನನ್ನ ಜಗಲಿಯಲ್ಲಿ ಕೂತು ಅತ್ತದ್ದು ಇನ್ನೂ ಮರೆತಿಲ್ಲ.

ಕಾರ್ಕಳ ಕಡೆಯ ಸಂಜೀವಿನಿ ಸಂಘದವಳು (ಮಹಿಳಾ ಸ್ವಸಹಾಯ ಸಂಘ): ಅಣ್ಣ, ಒಟ್ಟಿಗೆ ಸೇರಿದ್ದು ತಪ್ಪಲ್ಲ. ನಮ್ಮ ಒಣ ಕಸ ನಿಟ್ಟೆಗೆ ಹೋಗುತ್ತದೆ. ದಿನಕ್ಕೆ 10 ಟನ್ ವಿಂಗಡಿಸುವ ಘಟಕ ಅದು. ಒಂದೇ ಪಂಚಾಯತ್‌ನ ಪ್ಲಾಸ್ಟಿಕ್ ನಂಬಿ ಅಂಥದ್ದನ್ನು ನಡೆಸಲು ಆಗುತ್ತದಾ? ಆದರೆ ಹಸಿ ಕಸದ ಲೆಕ್ಕವೇ ಬೇರೆ. ಒಣದ್ದನ್ನು ವಾರ ಇಟ್ಟು ಕಳಿಸಬಹುದು, ಅನ್ನ ಮರುದಿನಕ್ಕೇ ಹಳಸುತ್ತದೆ. ನಾನು ಎರಡು ವರ್ಷ ಗಾಡಿ ಓಡಿಸಿದ್ದೇನೆ. ದೂರದ ಪಂಚಾಯತ್‌ನಿಂದ 14 ಕಿ.ಮೀ. ತರುವಾಗ ಡ್ರಮ್ಮಿನಿಂದ ನೀರು ಸೋರಿ ಬಸ್‌ಸ್ಟ್ಯಾಂಡ್‌ನಲ್ಲಿ ಜನ ಬೈಯುತ್ತಿದ್ದರು. ಡೀಸೆಲ್ 320, ಗಾಡಿ ತೊಳೆಯಲು ಒಂದು ಗಂಟೆ. ಗೊಬ್ಬರಕ್ಕೆ ಸಿಕ್ಕಿದ್ದು ಕಿಲೋಗೆ 8 ರೂಪಾಯಿ. ಮನೆಗಳಿಗೆ ಪೈಪ್ ಕಾಂಪೋಸ್ಟ್ ಕೊಟ್ಟು ಬಿಡಿ, ನೆಲಕ್ಕೆ ನೆಟ್ಟ ಪೈಪಿಗೆ ಅಡುಗೆ ಕಸ ಹಾಕಿ ಗೊಬ್ಬರ ಮಾಡುವುದು. ಘಟಕಕ್ಕೆ ಹಾಲ್, ಹೋಟೆಲ್‌ನದ್ದು ಮಾತ್ರ ಬರಲಿ.

ಕುಂದಾಪುರ ಕಡೆಯ ಮಾಜಿ ಸದಸ್ಯ: ತಪ್ಪಲ್ಲ ಅಂತ ಹೇಳುವುದು ಸುಲಭ. ಬಿಲ್ ಕಟ್ಟಿದ್ದು ನೀವಲ್ಲ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರ ಊರಿನ ಮನೆ, ತೋಟದ ಮೇಲೆ ಬಿದ್ದದ್ದನ್ನು ನೋಡಿ ಬಂದವ ನಾನು. ಎಲ್ಲರ ಕಸ ಒಂದೇ ಊರಿಗೆ ಬೇಡವೇ ಬೇಡ.

ಸಂಘದವಳು: ಅಲ್ಲಿ ಬಿದ್ದದ್ದು ವರ್ಷಗಟ್ಟಲೆ ಸುರಿದ ಬೆರಕೆ ಕಸ. ಅದನ್ನು ಇದಕ್ಕೆ ಹೋಲಿಸಬೇಡಿ.

ಮಂಗಳೂರಿನ ಹೋಟೆಲ್‌ನವ: ನಾನು 1.85 ಲಕ್ಷ ಹಾಕಿ ಸ್ವಂತ ಗ್ಯಾಸ್ ಪ್ಲಾಂಟ್ ಮಾಡಿಸಿದೆ. ಮೂರು ತಿಂಗಳು ಚೆನ್ನಾಗಿತ್ತು. ಒಂದು ದಿನ ಹುಡುಗ ಕರಿದ ಎಣ್ಣೆ, ಹುಳಿ ಮಜ್ಜಿಗೆ, ನಿಂಬೆ ಸಿಪ್ಪೆ ಎಲ್ಲ ಒಟ್ಟಿಗೆ ಸುರಿದ. ಒಳಗೆ ಹುಳಿ ಏರಿ ಗ್ಯಾಸ್ ನಿಂತಿತು. ಸುಣ್ಣ, 300 ಕಿಲೋ ಸೆಗಣಿ ಹಾಕಿ 26 ದಿನ ಕಾದೆ. ಅಷ್ಟೂ ದಿನ ಸಿಲಿಂಡರ್ ಖರ್ಚು. ಈಗ ದಿನಕ್ಕೆ ಮೂರು ಗಂಟೆ ಒಲೆ ಉರಿಯುತ್ತದೆ, ಯಾರ ಗಾಡಿಗೂ ಕಾಯಬೇಕಿಲ್ಲ. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಬರುವವರು ಹಸಿ ಕಸವನ್ನು ಆದಷ್ಟೂ ತಮ್ಮ ಜಾಗದಲ್ಲೇ ಮುಗಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಹಾಲ್‌ನವರು ಬಾಡಿಗೆ ತಗೊಂಡು ಕಸ ಊರಿಗೆ ಕೊಡುವುದು ಯಾವ ನ್ಯಾಯ?

ಹಾಲ್ ನಡೆಸುವವ: ಸುಮ್ನೆ ಹಾಲ್‌ನವರ ಮೇಲೆ ಹಾಕಬೇಡಿ ಮಾರಾಯ್ರೆ. ಕಸ ಒಯ್ಯಲು ಒಂದು ಕಾರ್ಯಕ್ರಮಕ್ಕೆ 1,500 ಕಟ್ಟುತ್ತೇನೆ. ಮೊದಲು ಹಂದಿ ಸಾಕುವವರು ಬಿಟ್ಟಿ ಒಯ್ಯುತ್ತಿದ್ದರು. ಕೇಟರಿಂಗ್‌ನವರು ಐಸ್‌ಕ್ರೀಂ ಚಮಚ, ಲೋಟ ಬೆರೆಸಿದ ಮೇಲೆ ಅವರೂ ಬಿಟ್ಟರು. ಬಾಳೆಲೆ ಊಟ ಹಾಕಿ ಅಂದರೆ ಮದುವೆಯವರು ಬೇರೆ ಹಾಲ್ ಹುಡುಕುತ್ತಾರೆ.

ಸಂಘದವಳು: 1,500 ಕೊಟ್ಟರೆ ಮುಗಿಯಿತಾ? ಹಳಸಿದ ಪಾಯಸಕ್ಕೆ ಕೈ ಹಾಕಿ ಆ ಚಮಚ ಹೆಕ್ಕಿದವರು ನಾವು. ಒಂದು ಮದುವೆಗೆ 412 ಚಮಚ. ಎಣಿಸಿ ಇಟ್ಟಿದ್ದೇನೆ.

ಹಾಲ್ ನಡೆಸುವವ: ಅದನ್ನು ಕೇಟರಿಂಗ್‌ನವರಿಗೆ ಹೇಳಿ.

ಕುಂದಾಪುರ ಕಡೆಯ ಮಾಜಿ ಸದಸ್ಯ: ಬ್ರಹ್ಮಾವರದ ಅಕ್ಕ, ಇವರ ಜಗಳ ಇರಲಿ. ಖರ್ಚಿನ ಪಾಲು ಯಾರದ್ದೆಷ್ಟು ಅಂತ ನಾಲ್ಕೂ ಸಭೆಯಲ್ಲಿ ನಿರ್ಣಯ ಬರೆಸದೆ ಜಾಗ ಕೊಡಬೇಡಿ. ಬದಿ ಗೋಡೆ ಮಳೆಗೆ ಮೊದಲೇ ಕಟ್ಟಿಸಿ.