ಜಾಝ್‌ನ ‘ಇಂಪ್ರೊವೈಸೇಶನ್’: ಮನೋಧರ್ಮವೋ, ಅರ್ಥಗಾರಿಕೆಯೋ?

ಮಿತ್ರರೇ,

ಜಾಝ್ ಪಿಯಾನೋ ವಾದಕ ವಿಜಯ್ ಅಯ್ಯರ್ ಅವರ 2009ರ ‘ಹಿಸ್ಟಾರಿಸಿಟಿ’ ಆಲ್ಬಂ ಕುರಿತು ಮಂಗಳೂರಿನ ನಮ್ಮ ಸಂಗೀತ ಬಳಗಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಇಂಪ್ರೊವೈಸೇಶನ್, ಅಂದರೆ ಮೊದಲೇ ಬರೆದಿಡದೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು, ಎಂಬ ಒಂದು ಪದಕ್ಕೆ ಕನ್ನಡ ಹುಡುಕುತ್ತ ಬರವಣಿಗೆ ನಿಂತಿದೆ.

ಅಯ್ಯರ್ ಜೊತೆಗಿರುವವರು ಇಬ್ಬರೇ: ಬಾಸ್‌ನಲ್ಲಿ ಸ್ಟೀಫನ್ ಕ್ರಂಪ್, ಡ್ರಮ್ಸ್‌ನಲ್ಲಿ ಮಾರ್ಕಸ್ ಗಿಲ್ಮೋರ್. ಸ್ವಂತ ರಚನೆಗಳೊಂದಿಗೆ ಆಂಡ್ರ್ಯೂ ಹಿಲ್, ಸ್ಟೀವಿ ವಂಡರ್, ಲೆನಾರ್ಡ್ ಬರ್ನ್‌ಸ್ಟೈನ್ ಅವರ ಹಳೆಯ ರಚನೆಗಳನ್ನೂ ನುಡಿಸಿದ್ದಾರೆ. ಪರಿಚಿತ ಧಾಟಿ ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಲಯ ಜಾರಿ ಬೇರೆಲ್ಲೋ ಮೇಲೇಳುತ್ತದೆ. ಎಷ್ಟು ಸಲ ಕೇಳಿದರೂ ನನಗೆ ದಣಿವಿಲ್ಲ.

ಮೊದಲು ‘ಆಶುವಾದನ’ ಎಂದು ಬರೆದು ಹೊಡೆದುಹಾಕಿದೆ. ಆಶು ಎಂದರೆ ಬೇಗ, ಥಟ್ಟನೆ. ವೇಗವನ್ನು ಅದು ಹೇಳುತ್ತದೆ. ಪಕ್ಕದವರಿಗೆ ಕಿವಿಗೊಟ್ಟು ಮರುನುಡಿಯುವುದನ್ನು ಹೇಳುವುದಿಲ್ಲ. ಆಲಾಪನೆ, ನೆರವಲ್, ಕಲ್ಪನಾಸ್ವರಗಳನ್ನು ಒಳಗೊಳ್ಳುವ, ಕರ್ನಾಟಕ ಸಂಗೀತ ಕಚೇರಿಯವರ ‘ಮನೋಧರ್ಮ’ ಹೆಚ್ಚು ಹತ್ತಿರದ್ದು. ನಮ್ಮ ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ ಜೊತೆಯಾಗಿ ಸ್ಯಾಕ್ಸೊಫೋನ್ ನುಡಿಸಿದ 2008ರ ‘ಕಿನ್ಸ್‌ಮೆನ್’ ಬಗ್ಗೆ ಬರೆಯುವುದಾದರೆ ಆ ಪದವನ್ನೇ ಕಣ್ಣುಮುಚ್ಚಿ ಬಳಸುತ್ತಿದ್ದೆ. ಆದರೆ ಕಚೇರಿಯ ಪರಿಚಯವಿಲ್ಲದ ಓದುಗರಿಗೆ ಮನೋಧರ್ಮ ಎಂದರೆ ಸ್ವಭಾವ, ಧೋರಣೆ. ಅದು ಒಬ್ಬರ ಮನಸ್ಸಿನೊಳಗೇ ಉಳಿಯುವ ಪದವೂ ಹೌದು.

ಹಾಗಾಗಿ ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ ರೂಪವಾದ ತಾಳಮದ್ದಳೆ ನೆನಪಾಯಿತು. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು (ಅದೇ ‘ಅರ್ಥ’, ಆ ಕಲೆ ಅರ್ಥಗಾರಿಕೆ) ಆ ಕ್ಷಣದ್ದು. ಎದುರಿನವರು ಎತ್ತಿದ ಪ್ರಶ್ನೆಗೆ ತಕ್ಕಂತೆ ಕರ್ಣ ದಾರಿ ಬದಲಿಸುತ್ತಾನೆ, ಆದರೂ ಮುಂದಿನ ಪದ್ಯಕ್ಕೆ ಬಂದು ಸೇರಲೇಬೇಕು. ಜಾಝ್‌ನ ರೂಢಿಯ ಕ್ರಮವೂ ಇಂಥದ್ದೇ: ಮೊದಲು ಗೊತ್ತಿರುವ ಧಾಟಿ, ಬಳಿಕ ಅದೇ ಆವರ್ತದ, ಅದೇ ಸ್ವರಗುಚ್ಛಗಳ ಮೇಲೆ ಹೊಸ ನುಡಿ, ಕೊನೆಗೆ ಮತ್ತೆ ಧಾಟಿ. ಹಾಗಿರುವಾಗ ‘ಅಯ್ಯರ್ ಪಿಯಾನೋದಲ್ಲಿ ಅರ್ಥ ಹೇಳುತ್ತಾರೆ’ ಎಂದು ಬರೆಯಬಹುದೇ? ಕರಾವಳಿಯವರಿಗೆ ಇದು ತಕ್ಷಣ ಹಿಡಿಸೀತು. ಧಾರವಾಡದವರು ‘ವಿವರಣೆ ಕೊಡುತ್ತಾರೆ’ ಎಂದು ತಿಳಿದುಕೊಂಡಾರು ಎಂಬುದೇ ಅಳುಕು.

ಮೂವರ ತಂಡಕ್ಕೆ ‘ಮೇಳ’ ಎಂದೇ ಬರೆದಿದ್ದೇನೆ. ಬಾಸ್ ಮತ್ತು ಡ್ರಮ್ಸ್‌ಗೆ ‘ಹಿಮ್ಮೇಳ’ ಎನ್ನಲು ಮಾತ್ರ ಮನಸ್ಸಾಗಲಿಲ್ಲ, ಇಲ್ಲಿ ಅವು ಹಿಂದೆ ನಿಲ್ಲುವುದೇ ಇಲ್ಲ. ಅವರ ತುಂಟ ಪ್ರಯೋಗಗಳಿಗೆ ‘ಆಟ’ ಎಂಬ ಪದ ಚೆನ್ನಾಗಿ ಒಪ್ಪುತ್ತಿತ್ತು, ಆದರೆ ನಮ್ಮಲ್ಲಿ ಆಟವೆಂದರೆ ಯಕ್ಷಗಾನವೇ.

ಕೇಳಬೇಕಾದದ್ದು ಎರಡು. ಘಟ್ಟದ ಮೇಲಿನವರಿಗೆ ‘ಅರ್ಥ ಹೇಳು’ ಎಂಬ ಬಳಕೆ ಈ ಸಂದರ್ಭದಲ್ಲಿ ಹೇಗೆ ಕೇಳಿಸುತ್ತದೆ? ಇನ್ನು, ಚೆಂಡೆ ಮದ್ದಳೆಯವರು ಆ ಕ್ಷಣಕ್ಕೆ ಹೊಸದಾಗಿ ಹೊಳೆದದ್ದನ್ನು ನುಡಿಸುವುದಕ್ಕೆ ತಮ್ಮೊಳಗೆ ಯಾವ ಮಾತು ಬಳಸುತ್ತಾರೆ? ಉಡುಪಿ ಕಡೆಯ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಕಲಾವಿದರ ಒಡನಾಟವಿರುವವರು ದಯವಿಟ್ಟು ಅವರನ್ನೇ ಕೇಳಿ ತಿಳಿಸಿ. ಟಿಪ್ಪಣಿಯಲ್ಲಿ ಆ ಪದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.