ನಾಲ್ಕು ಜನ, ನಾಲ್ಕು ಗೈಡು

"ಗೈಡ್ ಇಟ್ಕೊಂಡರೆ ತಲೆಗೆ ಇಷ್ಟು ಅಂತ ದುಡ್ಡು. ನಾವೇ ನಡೆದರೆ ಚಪ್ಪಲಿ ಮಾತ್ರ ಸವೆಯುತ್ತೆ." ಹೀಗಂತ ಪುಟ್ಟಣ್ಣ ನಮ್ಮನ್ನು ಮುಂಬೈನ ಬಾಂದ್ರಾಕ್ಕೆ ಹೊರಡಿಸಿದ್ದ. ಈಗ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಎಲ್ಲರೂ ಕಾಲು ನೀವಿಕೊಳ್ಳುತ್ತಾ ಕಾಫಿಗೆ ಕಾಯುತ್ತಿದ್ದೆವು.

"ಗೈಡ್ ಇರಲಿಲ್ಲ ಅಂತ ಯಾರು ಹೇಳಿದ್ದು? ನಾಲ್ಕು ಜನ ಹೋಗಿದ್ವಿ, ನಾಲ್ಕೂ ಗೈಡೇ!" ಅಂದರು ಗಿರಿಜಕ್ಕ.

"ನೀವು ಹಿಲ್ ರೋಡಿನ ಗೈಡು. ಚರ್ಚ್ ನೋಡೋಕೆ ಹೊರಟವರು ಫುಟ್‌ಪಾತ್ ಅಂಗಡಿಯಲ್ಲಿ ಕುರ್ತಾಕ್ಕೆ ಚೌಕಾಸಿ ಮಾಡ್ತಾ ನಿಂತಿರಿ," ಅಂದ ಪುಟ್ಟಣ್ಣ.

"ನಿನ್ನ ಫೋನಿನ ಮಾತು ಕೇಳೋದಕ್ಕಿಂತ ಅದೇ ವಾಸಿ. ರಣ್ವಾರ್ ಅನ್ನೋ ಆ ಹಳೇ ಕೇರಿಯಲ್ಲಿ ಎಡಕ್ಕೆ ತಿರುಗಿ ಅಂತು. ತಿರುಗಿದರೆ ಯಾರದೋ ಮನೆ ಜಗುಲಿ!"

ನಿಜ ಹೇಳಬೇಕಂದರೆ ಆ ಜಗುಲಿಯೇ ಇಡೀ ದಿನದ ಲಾಭ. ಹೆಂಚಿನ ಮಾಡು, ಮರದ ಕಟಕಟೆ. ಮಹಡಿಗೆ ಹತ್ತೋ ಮೆಟ್ಟಿಲು ಮನೆಯ ಹೊರಗೇ ಇತ್ತು, ಅದರ ಕೆಳಗೆ ಒಂದು ಸ್ಕೂಟರ್. ಕುರ್ಚಿಯಲ್ಲಿ ಕೂತಿದ್ದ ಆಂಟಿ ನಮ್ಮನ್ನು ನೋಡಿ ಗಾಬರಿಯೇನೂ ಆಗಲಿಲ್ಲ. ದಾರಿ ತಪ್ಪಿ ಬಂದವರು ಅವರಿಗೆ ಹೊಸಬರಲ್ಲ ಅಂತ ಕಾಣುತ್ತೆ.

"ಅವರು ಈಸ್ಟ್ ಇಂಡಿಯನ್ ಕ್ರೈಸ್ತರು, ಇಲ್ಲಿನ ಮೂಲದವರು," ಅಂದರು ಶೆಟ್ರು. "ಅವರ ಬಾಟಲ್ ಮಸಾಲೆ ಗೊತ್ತಲ್ಲ? ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ, ಹುರಿದು ಕುಟ್ಟಿ, ಬಿಯರ್ ಬಾಟಲಿಗೆ ತುಂಬಿಡ್ತಾರೆ."

"ಬಾಟಲಿ ಖಾಲಿ ಮಾಡೋ ಕೆಲಸ ಯಾರದು?" ಪುಟ್ಟಣ್ಣನಿಗೆ ಮೊದಲ ಸಲ ಪರಂಪರೆಯಲ್ಲಿ ಆಸಕ್ತಿ ಹುಟ್ಟಿತು.

"ಅದಿರಲಿ, ಮೂಲೆ ಮೂಲೆಗೂ ಶಿಲುಬೆ ಯಾಕೆ?" ಅಂತ ನಾನು ಕೇಳಿದೆ.

"1896ರಲ್ಲಿ ಮುಂಬೈಗೆ ಪ್ಲೇಗ್ ಬಂತಲ್ಲ, ಅದು ತಮ್ಮ ಓಣಿಗೆ ಬರದಿರಲಿ ಅಂತ ನೆಟ್ಟವು ಎಷ್ಟೋ ಇವೆ," ಅಂದರು ಶೆಟ್ರು.

ಗಿರಿಜಕ್ಕ ತಲೆದೂಗಿದರು. "ಎರಡು ವರ್ಷಕ್ಕೆ ಅದೇ ಪ್ಲೇಗ್ ಬೆಂಗಳೂರಿಗೂ ಬಂತು. ನಮ್ಮವರು ಪ್ಲೇಗಮ್ಮನ ಗುಡಿ ಕಟ್ಟಿದರು. ಕಾಯಿಲೆ ಒಂದೇ, ಅರ್ಜಿ ಹಾಕಿದ ಆಫೀಸು ಬೇರೆ."

ಮೌಂಟ್ ಮೇರಿ ಚರ್ಚಿನ ಗುಡ್ಡ ಹತ್ತುವಾಗ ಎಲ್ಲರ ಬಾಯೂ ಬಂದ್ ಆಗಿತ್ತು. ಮೇಲೆ ಹೋದಮೇಲೆ ಮೇಣದ ಅಂಗಡಿ ಕಂಡು ಮತ್ತೆ ತೆರೆಯಿತು. ಕೈ ನೋವಿಗೆ ಮೇಣದ ಕೈ, ಕಾಲು ನೋವಿಗೆ ಕಾಲು. ಮಗು ಬೇಕಾದವರಿಗೆ ಮಗು. ಹರಕೆ ಏನೋ ಅದರ ಗೊಂಬೆ. ಪುಟ್ಟಣ್ಣ ಒಂದು ಮೇಣದ ಮನೆ ಎತ್ತಿಕೊಂಡು, "ಬಾಂದ್ರಾದಲ್ಲಿ ನನ್ನ ಕೈಗೆಟುಕೋ ಮನೆ ಇದೊಂದೇ," ಅಂದ. ಅಂಗಡಿಯವಳೂ ನಕ್ಕಳು, ರೇಟು ಮಾತ್ರ ಇಳಿಸಲಿಲ್ಲ.

"ಬಾಂದ್ರಾ ಕೋಟೆ ಒಂದು ನಿರಾಸೆ," ಅಂತ ಅವನೇ ಶುರು ಮಾಡಿದ. "1640ರಲ್ಲಿ ಪೋರ್ಚುಗೀಸರು ಕಟ್ಟಿದ್ದು ಅಂದ್ರಿ. ಒಂದು ಫಿರಂಗಿನಾದ್ರೂ ಬೇಡ್ವಾ? ಎಲ್ಲಿ ನೋಡಿದ್ರೂ ಜೋಡಿಗಳು!"

"ನೀನು ಯಾಕಪ್ಪಾ ಅವರನ್ನು ನೋಡ್ತಾ ಕೂತೆ? ಎದುರಿಗೆ ಸಮುದ್ರದ ಮೇಲೆ ಸೀ ಲಿಂಕ್ ಸೇತುವೆ ಇತ್ತಲ್ಲ," ಅಂದರು ಗಿರಿಜಕ್ಕ.

ಸೀ ಲಿಂಕ್ ಅಂದಿದ್ದೇ ಶೆಟ್ರಿಗೆ ಸಾಕಾಯಿತು. ಅವರದು ಟ್ಯಾಕ್ಸಿ, ಟೋಲ್ ಅಂದರೆ ಮೈಯೆಲ್ಲಾ ಉರಿ. "ಹಿಂದೆ ಮಾಹೀಮಿನಿಂದ ಬಾಂದ್ರಾಕ್ಕೆ ದೋಣಿಯಲ್ಲೇ ದಾಟಬೇಕಿತ್ತು. ಕಂಪನಿ ಸರ್ಕಾರ ಕಾಸು ಬಿಚ್ಚಲಿಲ್ಲ. ಆವಾಬಾಯಿ ಜಮ್ಷೆಟ್‌ಜೀ ಅಂತ ಪಾರ್ಸಿ ಹೆಂಗಸು 1,57,000 ರೂಪಾಯಿ ಕೊಟ್ಟು ಸೇತುವೆ ರಸ್ತೆ ಮಾಡಿಸಿದರು. 1845ರಲ್ಲಿ ಅದು ತೆರೆಯಿತು. ಅವರದು ಒಂದೇ ಷರತ್ತು, ಜನರ ಹತ್ತಿರ ಸುಂಕ ವಸೂಲಿ ಮಾಡಬಾರದು. 2009ರಲ್ಲಿ ಸೀ ಲಿಂಕ್ ಬಂತು. ಷರತ್ತು ಹಾಕೋಕೆ ಆವಾಬಾಯಿ ಇರಲಿಲ್ಲ."

ಅಷ್ಟರಲ್ಲಿ ಬಿಲ್ಲು ಬಂತು. ಶೆಟ್ರು ತಟ್ಟೆ ಸಮೇತ ಪುಟ್ಟಣ್ಣನ ಕಡೆ ತಳ್ಳಿದರು.

"ಗೈಡ್ ದುಡ್ಡು ಉಳಿಸಿದ್ದೀಯಲ್ಲ, ಕೊಡು. ಷರತ್ತು ಏನಾದ್ರೂ ಇದ್ರೆ ಈಗಲೇ ಹೇಳು."

"ಒಂದೇ ಷರತ್ತು," ಅಂದ ಪುಟ್ಟಣ್ಣ. "ಗಿರಿಜಕ್ಕನ ಎರಡನೇ ಕಾಫಿ ಬಿಟ್ಟು."